ಮಂಡಕಳ್ಳಿಯ ಶೆಡ್ಡಿನಲ್ಲಿ ನಾಲ್ಕು ದಿನ

"ಇದನ್ನ ಕೊನೇ ಸಲ ಇಳಿಸಿದ ಪುಣ್ಯಾತ್ಮ ಯಾರು? ಸಿಕ್ಕಿದ್ರೆ ಒಂದು ದೊಡ್ಡ ನಮಸ್ಕಾರ ಹಾಕ್ಬೇಕಿತ್ತು."

ಮಾತು ಬಂದದ್ದು ವಿಮಾನದ ಹೊಟ್ಟೆಯ ಕೆಳಗಿನಿಂದ. ಹೊರಗೆ ಕಾಣುತ್ತಿದ್ದುದು ಎರಡು ಕಾಲು, ಒಂದು ಟಾರ್ಚಿನ ಬೆಳಕು, ಅಷ್ಟೇ. ಊಟದ ಕ್ಯಾರಿಯರ್ ಹಿಡಿದು ತಗಡಿನ ಶೆಡ್ಡಿನ ಬಾಗಿಲಲ್ಲಿ ಲಾಸ್ಯ ನಿಂತಿದ್ದಳು.

"ನಾನೇ," ಎಂದಳು. "ನಮಸ್ಕಾರ ಅಲ್ಲಿಂದಾನೇ ಹಾಕ್ತೀರೋ, ಹೊರಗೆ ಬಂದು ಹಾಕ್ತೀರೋ?"

ಟಾರ್ಚು ಆರಿತು. ಗಡಿಬಿಡಿಯಲ್ಲಿ ಎದ್ದವನ ತಲೆ ರೆಕ್ಕೆಗೆ ಬಡಿಯಿತು. ಮೂವತ್ತು ದಾಟಿದ ಗಂಡಸು, ಮೂಗಿನ ಮೇಲೆ ಉದ್ದಕ್ಕೆ ಗ್ರೀಸಿನ ಗೆರೆ.

"ಸಾರಿ ಮೇಡಂ. ಯಾರೋ ಊಟ ತಂದೋರು ಅಂದ್ಕೊಂಡೆ."

"ಊಟ ತಂದವಳೂ ನಾನೇ."

ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಕಾವಲುಗಾರ ಪುಟ್ಟಮಾದಯ್ಯ ಬಾಯಿ ಮುಚ್ಚಿಕೊಂಡು ನಕ್ಕ. ಲಾಸ್ಯಳಿಗೂ ನಗು ಬರುವುದರಲ್ಲಿತ್ತು. ವಿಮಾನದ ಮೂತಿ ಕಣ್ಣಿಗೆ ಬಿದ್ದೊಡನೆ ಅದು ಹಿಂದಕ್ಕೆ ಹೋಯಿತು.

ಎರಡು ವರ್ಷವಾಗಿತ್ತು ಅವಳು ಅದರ ಹತ್ತಿರ ಬಂದು. ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಆ ವಿಮಾನವನ್ನು ಅವಳ ಅಪ್ಪ, ರೇಷ್ಮೆ ವ್ಯಾಪಾರದ ಬಸವರಾಜು, ಆಸೆಪಟ್ಟು ಸೆಕೆಂಡ್ ಹ್ಯಾಂಡ್ ತಂದಿದ್ದರು. ಮಗಳು ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತು ಲೈಸೆನ್ಸ್ ತೆಗೆದುಕೊಂಡಾಗ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ್ದರು. ತೊಂಬತ್ತಾರರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಅದನ್ನು ಮಂಡಕಳ್ಳಿಯ ರನ್‌ವೇಯಲ್ಲಿ ಇಳಿಸಿದಳು. ವಿಮಾನ ನೆಲಕ್ಕೆ ಬಡಿದು ಎಗರಿತು, ಮತ್ತೆ ಬಿತ್ತು. ಅಪ್ಪನ ಬೆನ್ನುಮೂಳೆ ಬಿರುಕು ಬಿಟ್ಟಿತು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಜಯಲಕ್ಷ್ಮಿಪುರಂ ಮನೆಯ ವರಾಂಡದಲ್ಲಿ ಅಪ್ಪ ಬೆತ್ತದ ಕುರ್ಚಿ ಹಿಡಿದರು. ಆ ಕುರ್ಚಿಯ ಸುತ್ತ ಇವಳ ದಿನ ಸುತ್ತತೊಡಗಿತು. ಆರಕ್ಕೆ ಮಾತ್ರೆ, ಹತ್ತಕ್ಕೆ ಬಿಸಿನೀರಿನ ಚೀಲ, ನಾಲ್ಕಕ್ಕೆ ವ್ಯಾಯಾಮ. ಇಪ್ಪತ್ತೇಳನೆಯ ವಯಸ್ಸಿಗೆ ಅವಳ ಆಕಾಶವೆಂದರೆ ವರಾಂಡದ ಕಿಟಕಿಯ ಸರಳುಗಳ ನಡುವೆ ಕಾಣುವಷ್ಟು.

ಈಗ ವಿಮಾನ ಕೊಯಮತ್ತೂರಿನವರಿಗೆ ಮಾರಾಟವಾಗಿತ್ತು. ಚಕ್ರಗಳ ಶಾಕ್ ಅಬ್ಸಾರ್ಬರ್ ಬದಲಾಯಿಸದೆ ಹಾರಿಸುವಂತಿರಲಿಲ್ಲ. ಅದಕ್ಕೇ ಬೆಂಗಳೂರಿನಿಂದ ಬಂದವನು ಎಂಜಿನಿಯರ್ ಮೃತ್ಯುಂಜಯ; ಅವನ ಊಟ ಲಾಸ್ಯಳ ಮನೆಯಿಂದ.

"ಸ್ಪ್ರಿಂಗ್ ಇಲ್ಲ, ಎಣ್ಣೆ ಇಲ್ಲ ಇದಕ್ಕೆ," ಎಂದ ಅವನು, ಚಿತ್ರಾನ್ನ ಬಾಯಿಗಿಡುತ್ತ. "ಬರೀ ರಬ್ಬರ್ ಬಿಲ್ಲೆಗಳು. ಇಡ್ಲಿ ತಟ್ಟೆ ಥರ ಒಂದರ ಮೇಲೊಂದು."

"ಗೊತ್ತು."

"ಗೊತ್ತಿರತ್ತೆ. ಪೈಲಟ್ ಅಲ್ವಾ?"

"ಆಗಿದ್ದೆ."

ಅವನು ತುತ್ತು ನಿಲ್ಲಿಸಿ ಅವಳ ಮುಖ ನೋಡಿದ. ಅವನು ಕೇಳದೆ ಬಿಟ್ಟದ್ದೇ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಜೊತೆ ಬಂತು.

ಮರುದಿನ ಜಾಕ್ ಕೊಟ್ಟು ವಿಮಾನವನ್ನು ಮೇಲೆತ್ತಿದ್ದ. ಬಿಲ್ಲೆಗಳನ್ನು ಒತ್ತಿ ಬಿಡಿಸುವ ಸಲಕರಣೆಯ ತಿರುಪು ಸವೆದು ತಿರುಗುತ್ತಲೇ ಇರಲಿಲ್ಲ.

"ಈ ಊರಲ್ಲಿ ಒಳ್ಳೇ ಲೇತ್ ಶಾಪ್ ಎಲ್ಲಿದೆ?"

"ಮಂಡಿ ಮೊಹಲ್ಲಾದಲ್ಲಿ. ದಾರಿ ಹೇಳಿದ್ರೆ ನಿಮಗೆ ಸಿಗಲ್ಲ." ಅವಳು ಸ್ಕೂಟರ್ ಕೀ ತೆಗೆದಳು. "ಕೂತ್ಕೊಳ್ಳಿ. ಹೆದರ್ಬೇಡಿ, ಇದನ್ನ ನೆಲದ ಮೇಲೇ ಓಡಿಸ್ತೀನಿ."

ಹಿಂದಿನ ಸೀಟಿನಲ್ಲಿ ಅವನು ಕಬ್ಬಿಣದ ಸಲಕರಣೆಯನ್ನು ಮಗುವಿನಂತೆ ತಬ್ಬಿ ಕೂತಿದ್ದ, ಅವಳ ಭುಜ ತಗುಲಬಾರದೆಂದು ಒಂದು ಗೇಣು ಹಿಂದಕ್ಕೆ ವಾಲಿಕೊಂಡು. ಸಗಟು ಅಂಗಡಿಗಳ ಮುಂದೆ ಮೂಟೆ ಇಳಿಸುತ್ತಿದ್ದ ಲಾರಿ ಅಡ್ಡ ಬಂದಾಗ ಅವಳು ಬ್ರೇಕ್ ಒತ್ತಿದಳು. ಆ ಗೇಣು ಇಲ್ಲವಾಯಿತು.

"ನಿಮ್ಮ ಬ್ರೇಕೂ ಚೆಕ್ ಮಾಡ್ಬೇಕು," ಎಂದ ಅವಳ ಕಿವಿಯ ಹಿಂದೆ.

"ಬ್ರೇಕ್ ಸರಿಯಾಗೇ ಇದೆ ಕಣ್ರೀ."

ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿತು. ಇಬ್ಬರೂ ಒಟ್ಟಿಗೇ ನೋಟ ತಿರುಗಿಸಿದರು.

ಲೇತ್ ಯಂತ್ರದ ಕಿರುಚಾಟದಲ್ಲಿ ಮಾತು ಕೇಳುವಂತಿರಲಿಲ್ಲ. ಅವನು ಅವಳ ಕಿವಿಯ ಹತ್ತಿರ ಬಗ್ಗಿ, ತಾನು ಹದಿಮೂರು ವರ್ಷದಿಂದ ವಿಮಾನ ರಿಪೇರಿ ಮಾಡುತ್ತಿದ್ದರೂ ಅವುಗಳಲ್ಲಿ ಹಾರಿದ್ದು ಎರಡೇ ಸಲ ಎಂದ. "ಸರಿ ಮಾಡಿ ಕೊಡ್ತೀನಿ. ಅವು ಹಾರಿ ಹೋಗ್ತವೆ. ನಾನು ಸ್ಪ್ಯಾನರ್ ತೊಳ್ಕೊಂಡು ಬಸ್ ಹತ್ತುತ್ತೀನಿ." ಅವಳು ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕಳು. ನಗುವಿನ ನಡುವೆಯೇ ಗಡಿಯಾರ ನೋಡಿದಳು. ನಾಲ್ಕಕ್ಕೆ ಹತ್ತು ನಿಮಿಷ. ಮುಖದ ಮೇಲೆ ಮತ್ತೆ ಬಾಗಿಲು ಹಾಕಿಕೊಂಡಿತು.

"ಹೋಗ್ಬೇಕು. ಅಪ್ಪ ಕಾಯ್ತಿರ್ತಾರೆ."

"ದಿನಾನೂ?"

"ಅವರನ್ನ ಆ ಕುರ್ಚಿಗೆ ಕೂರಿಸಿದವಳು ನಾನೇ ಅಲ್ವಾ? ಎಲ್ಲಿಗೆ ಹೋಗ್ಲಿ?"

ಮೂರನೆಯ ದಿನ ಬಿಲ್ಲೆ ಬಿಡಿಸುವ ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕಾಯಿತು. ಪುಟ್ಟಮಾದಯ್ಯ ಕಣ್ಣು ಕಾಣಲ್ಲ ಎಂದು ತಪ್ಪಿಸಿಕೊಂಡ. ಲಾಸ್ಯ ಸೆರಗು ಸಿಕ್ಕಿಸಿ ಚಕ್ರದ ಪಕ್ಕ ಮಂಡಿಯೂರಿದಳು.

"ಗಟ್ಟಿಯಾಗಿ ಹಿಡ್ಕೊಳ್ಳಿ. ಜಾರಿದ್ರೆ ಕೈ ಹೋಗತ್ತೆ."

ಅವಳು ಹಿಡಿದಳು, ಅವನು ತಿರುಗಿಸಿದ. ಎರಡು ಮುಖಗಳ ನಡುವೆ ಒಂದು ಚಕ್ರದ ಅಗಲ. ಅವನ ಹಣೆಯ ಬೆವರಿನ ಹನಿ ಹುಬ್ಬಿನ ಹತ್ತಿರ ನಿಂತಿತ್ತು. ಒರೆಸಲು ಅವಳಿಗೆ ಕೈ ಬಿಡುವಿರಲಿಲ್ಲ. ಬಿಡುವಿದ್ದರೆ ಒರೆಸುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡು ಕೆಂಪಾದಳು.

"ಏನು?" ಎಂದ.

"ಏನಿಲ್ಲ. ನೀವು ತಿರುಗಿಸಿ."

ಬಿಲ್ಲೆಗಳು ಒಂದೊಂದಾಗಿ ಹೊರಬಂದವು. ಅವನು ಒಂದನ್ನು ಅವಳ ಅಂಗೈಯಲ್ಲಿಟ್ಟ. "ಉಗುರಿಂದ ಒತ್ತಿ ನೋಡಿ."

ಉಗುರು ಇಳಿಯಲಿಲ್ಲ. ರಬ್ಬರು ಕಲ್ಲಾಗಿತ್ತು, ಅಂಚಿನ ಸುತ್ತ ಸೀಳು. ಹೊಸದೊಂದನ್ನು ಪಕ್ಕದಲ್ಲಿಟ್ಟ; ಹಳೆಯದು ಅದರ ಮುಕ್ಕಾಲು ದಪ್ಪವೂ ಇರಲಿಲ್ಲ. ಹಳೆಯದರ ಮೇಲೆ ತಯಾರಾದ ವರ್ಷ ಅಚ್ಚಾಗಿತ್ತು: ಎಪ್ಪತ್ತಾರು.

"ನಿನ್ನೆಯಿಂದ ಜಾಕ್ ಮೇಲಿದೆ ವಿಮಾನ. ಭಾರ ಹೋದ ಮೇಲೆ ಇವು ಉಬ್ಬಬೇಕಿತ್ತು. ಉಬ್ಬಲೇ ಇಲ್ಲ. ಮೇಡಂ, ಆವತ್ತು ನೀವು ಸ್ವಲ್ಪ ಜೋರಾಗಿ ಇಳಿಸಿರಬಹುದು. ಎಲ್ಲಾ ಪೈಲಟ್‌ಗಳೂ ಒಂದಲ್ಲ ಒಂದಿನ ಇಳಿಸ್ತಾರೆ. ಆ ಪೆಟ್ಟು ತಡೆಯೋದು ಇವುಗಳ ಕೆಲಸ. ಇವು ಸತ್ತು ಎಷ್ಟೋ ವರ್ಷ ಆಗಿತ್ತು."

ಶೆಡ್ಡಿನ ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ಅವಳು ಹಳೆಯ ಬಿಲ್ಲೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು.

"ಇದು ಯಾರಿಗಾದ್ರೂ ಮೊದಲೇ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ.

"ಮೃತ್ಯುಂಜಯ ಅವರೇ, ಕೇಳಿದ್ದು ನಿಮ್ಮನ್ನ."

"ನಾನಾಗೇ ಹೇಳೋದಕ್ಕೆ ನಾನ್ಯಾರು ಅನ್ಕೊಂಡೆ. ನೀವು ಕೇಳಿದ ಮೇಲೆ ಮುಚ್ಚಿಡಲ್ಲ." ಮಾರಾಟಕ್ಕೆಂದು ಅವಳ ಅಪ್ಪ ಕಳುಹಿಸಿದ್ದ ಕಾಗದಪತ್ರಗಳ ನಡುವಿನಿಂದ ವಿಮಾನದ ಲಾಗ್‌ಬುಕ್ ತೆಗೆದು, ಒಂದು ಪುಟ ಬಿಡಿಸಿ ಕೊಟ್ಟ.

ಅಪಘಾತಕ್ಕೆ ಮೂರು ವಾರ ಮುಂಚಿನ ತಾರೀಕು. ಹಳೆಯ ಎಂಜಿನಿಯರನ ಬರಹ: ರಬ್ಬರ್ ಬಿಲ್ಲೆ ಬದಲಾಯಿಸುವ ತನಕ ಹಾರಿಸಬಾರದು. ಕೆಳಗೆ, ಓದಿದ್ದೇನೆ ಎಂಬುದಕ್ಕೆ, ಅವಳು ಚಿಕ್ಕಂದಿನಲ್ಲಿ ನಕಲು ಮಾಡಿ ಆಡುತ್ತಿದ್ದ ಅಪ್ಪನ ಸಹಿ.

ಅವಳು ಅಳಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು ಹೊರಟಳು.

"ಅವ್ವಾ, ಬಿಸ್ಲು ಕಣವ್ವ, ಎಂಗೆ ಓಯ್ತಿಯೆ?" ಎಂದು ಪುಟ್ಟಮಾದಯ್ಯ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

ವರಾಂಡದಲ್ಲಿ ಅವಳು ಆ ಪುಟವನ್ನು ಅಪ್ಪನ ತೊಡೆಯ ಮೇಲಿಟ್ಟಳು. ಬಸವರಾಜು ಕನ್ನಡಕ ಹಾಕಿಕೊಳ್ಳಲಿಲ್ಲ. ಓದುವ ಅಗತ್ಯ ಅವರಿಗಿರಲಿಲ್ಲ.

"ಆ ರಬ್ಬರು ಅಮೆರಿಕದಿಂದ ಬರೋಕೆ ನಾಲ್ಕು ತಿಂಗಳು ಅಂದ್ರು. ಒಂದು ಸಲಕ್ಕೆ ಏನಾಗತ್ತೆ ಅಂತ ಪುಸ್ತಕಾನ ನಿಂಗೆ ತೋರಿಸ್ದೆ ಇಟ್ಕೊಂಡೆ ಕಣಮ್ಮ."

"ಅದಕ್ಕೆ ನನಗೆ ಬೇಜಾರಿಲ್ಲ ಅಪ್ಪ. ಆಸ್ಪತ್ರೆಯಲ್ಲಿ ನಿಮ್ಮ ಕಾಲು ಹಿಡ್ಕೊಂಡು ಅತ್ತೆನಲ್ಲ, ಆಗ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಾನೇ ಇದ್ದೆ." ಅವರು ಪುಸ್ತಕ ಮುಚ್ಚಿದರು. "ನಿಮ್ಮಮ್ಮ ಹೋದಮೇಲೆ ಈ ಮನೇಲಿ ಇನ್ಯಾರಿದ್ರು? ತಪ್ಪು ನಿಂದಲ್ಲ ಅಂದ್ರೆ ನೀನು ಹಾರಿ ಹೋಗ್ಬುಡ್ತೀಯ ಅಂತ… ದಿನ ಕಳೆದಷ್ಟೂ ಬಾಯಿ ಬರ್ಲಿಲ್ಲ."

ಎರಡು ವರ್ಷ. ಅವಳು ವರಾಂಡದ ಮೆಟ್ಟಿಲ ಮೇಲೆ ಕುಸಿದು ಕೂತಳು. ಸಿಟ್ಟು ಬಂತು, ಅದರ ಹಿಂದೆಯೇ ಈ ಮುದಿ ಜೀವದ ಮೇಲೆ ಕನಿಕರ ಬಂತು. ಕನಿಕರ ಬಂದರೂ ಸಿಟ್ಟು ಜಾಗ ಬಿಡಲಿಲ್ಲ. ನಾಲ್ಕು ಹೊಡೆಯಿತು. ಅವಳು ಏಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಬಸವರಾಜು ಕೋಲು ಊರಿಕೊಂಡು ತಾವೇ ಎದ್ದರು. ಗೋಡೆ ಹಿಡಿದು ಬಾಗಿಲವರೆಗೆ ನಡೆದರು, ಹಿಂದಕ್ಕೆ ಬಂದರು. "ನನ್ನ ನೋಡ್ಕೊಳ್ಳೋಕೆ ದೊಡ್ಡಮ್ಮನ್ನ ಕೃಷ್ಣಮೂರ್ತಿಪುರಂನಿಂದ ಕರೆಸ್ತೀನಿ," ಎಂದರು, ಅವಳತ್ತ ನೋಡದೆ. "ನಿಂಗೆ ಏನು ಮಾಡ್ಬೇಕು ಅನ್ಸತ್ತೋ ಮಾಡು. ಕ್ಷಮಿಸು ಅನ್ನೋಕೆ ನಂಗೆ ಮುಖ ಇಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಕೊಯಮತ್ತೂರಿನಿಂದ ವಿಮಾನ ಒಯ್ಯಲು ಬಂದವರು ಕ್ಯಾಪ್ಟನ್ ಅಮರೇಶ್. ಹಾರಾಟ ಕಲಿಸುವ ಮೇಷ್ಟ್ರು ಅವರು. ಮೃತ್ಯುಂಜಯ ಅವರ ಹತ್ತಿರ ಏನು ಹೇಳಿದ್ದನೋ, ಅವರು ಬಲಗಡೆಯ ಸೀಟಿನಲ್ಲಿ ಕೂತು ಎಡಗಡೆಯದನ್ನು ತಟ್ಟಿದರು.

"ಒಂದು ಸುತ್ತು ಟೆಸ್ಟ್ ಮಾಡ್ಬೇಕು. ಬನ್ನಿ, ನಾನಿದೀನಿ."

ಲಾಸ್ಯ ರೆಕ್ಕೆಯ ಮೇಲೆ ಒಂದು ಕೈ ಇಟ್ಟಳು. ತಿರುಗಿ ಮೃತ್ಯುಂಜಯನನ್ನು ನೋಡಿದಳು.

"ನೀವೇ ಹಾಕಿದ ಬಿಲ್ಲೆ. ನಂಬಿಕೆ ಇದ್ರೆ ನೀವೂ ಹತ್ತಿ."

ಅವನು ಕೈ ಕೂಡ ಒರೆಸಿಕೊಳ್ಳದೆ ಹಿಂದಿನ ಸೀಟಿಗೆ ಹತ್ತಿದ.

ನೆಲ ಕಳಚಿತು. ಚಾಮುಂಡಿ ಬೆಟ್ಟ ಓರೆಯಾಗಿ, ಎಷ್ಟೋ ಹತ್ತಿರಕ್ಕೆ ಬಂತು. ಮೇಲೆ ಇದ್ದದ್ದು ಏಳೇ ನಿಮಿಷ. ಇಳಿಯುವಾಗಲೂ ಸ್ಟಿಯರಿಂಗ್ ಅವಳ ಕೈಯಲ್ಲೇ ಇತ್ತು. ಮೇಷ್ಟ್ರು ಕೈ ಮುಂದೆ ತರಲಿಲ್ಲ. ಚಕ್ರ ನೆಲ ಮುಟ್ಟಿತು, ಸಣ್ಣಗೆ ಒಮ್ಮೆ ಕುಪ್ಪಳಿಸಿತು. ಹೊಸ ರಬ್ಬರು ಆ ಪೆಟ್ಟನ್ನು ನುಂಗಿಕೊಂಡಿತು. ವಿಮಾನ ನೇರವಾಗಿ ಓಡಿ ನಿಂತಿತು. ಎಂಜಿನ್ ಆರಿದ ಮೇಲೂ ಅವಳು ಸ್ಟಿಯರಿಂಗ್ ಬಿಡದೆ ಬಿಕ್ಕಿ ಬಿಕ್ಕಿ ಅತ್ತಳು. ಇಬ್ಬರು ಗಂಡಸರೂ ಕಿಟಕಿಯಾಚೆ ನೋಡುತ್ತ ಕೂತರು.

ಹನ್ನೊಂದಕ್ಕೆ ಕ್ಯಾಪ್ಟನ್ ಅಮರೇಶ್ ಒಬ್ಬರೇ ವಿಮಾನ ಏರಿ ದಕ್ಷಿಣಕ್ಕೆ ಹೋದರು. ಸದ್ದು ಅಡಗುವ ತನಕ ಇಬ್ಬರೂ ಖಾಲಿ ಶೆಡ್ಡಿನ ಮುಂದೆ ನಿಂತಿದ್ದರು.

"ಇನ್ನು ಬಸ್ಸಾ?" ಎಂದಳು.

"ಹೂಂ. ಮೂರು ಗಂಟೆಗೆ." ಅವನು ಸ್ಪ್ಯಾನರನ್ನು ಮೂರನೇ ಸಲ ಒರೆಸುತ್ತಿದ್ದ. "ಪ್ರತಿ ಊರಿಂದಾನೂ ಹೀಗೇ ಹೊರಡ್ತೀನಿ. ಈ ಸಲ ಕೈ ಓಡ್ತಾ ಇಲ್ಲ. ಯಾಕೆ ಅಂತ ಹೇಳಿದ್ರೆ ನೀವು ತಪ್ಪು ತಿಳ್ಕೊಬಾರದು."

"ಹೇಳಿ ನೋಡಿ."

"ನೀವು ಎದುರಿಗಿಲ್ಲದ ಕಡೆ ಕೆಲಸ ಮಾಡೋದು ಹೇಗೆ ಅನ್ನೋದು ಮರೆತುಹೋಗಿದೆ."

ಅವಳು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟಳು. ಖಾಲಿಯಾದ ಕೈಯನ್ನು ಹಿಡಿದುಕೊಂಡಳು, ಗ್ರೀಸು ಸಮೇತ.

"ಸೋಮವಾರ ನಾನು ಜಕ್ಕೂರಿಗೆ ಬರ್ತಾ ಇದೀನಿ. ಲೈಸೆನ್ಸ್ ರಿನ್ಯೂ ಮಾಡಿಸ್ಬೇಕು."

ಅವನ ಮುಖ ಅರಳಿತು. "ನನಗೋಸ್ಕರಾನಾ?"

"ಅಲ್ಲ ಕಣ್ರೀ. ನನಗೋಸ್ಕರ." ಅವಳು ಕೈ ಬಿಡಲಿಲ್ಲ. "ನಿಮಗೋಸ್ಕರ ಭಾನುವಾರಾನೇ ಬರ್ತೀನಿ."