ಮೂರನೆಯ ಕೋಣೆಯ ಸೀನು

ಏಣಿಯ ಮೇಲೆ ನಿಂತು ಫ್ಯಾನಿನ ವೈರು ಬಿಚ್ಚುತ್ತಿದ್ದ ಸಿದ್ದಲಿಂಗೇಶ ಒಂದೇ ಸಮನೆ ಏಳು ಸಲ ಸೀನಿದ. ಕೆಳಗೆ ಏಣಿ ಹಿಡಿದಿದ್ದ ಸುಧಾರಾಣಿ ನಗಲಿಲ್ಲ, ನೂರು ವರ್ಷ ಬಾಳು ಎಂದೂ ಹೇಳಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಮೇಲೆ ಏಳು ಎಂದು ಬರೆದಳು.

“ಇದೇನ್ರಿ ಮೇಡಂ, ಸೀನಿಗೂ ಮಾರ್ಕ್ಸ್ ಕೊಡ್ತೀರೇನು?”

“ವೈರಿಂಗ್ ಮುಗಿಯೂಮಟ ದಿನಾ ನಾಕೂ ಕೋಣ್ಯಾಗ ಒಂದೊಂದ್ ತಾಸು ಕುಂದರ್ರಿ. ನೀವು ಎಲ್ಲಿ ಸೀನ್ತೀರಿ, ಅಲ್ಲಿ ಮತ್ತ ತೊಳಸ್ತೇನಿ.”

“ಅಂದ್ರ ಕೆಲಸಕ್ಕ ಇಟ್ಕೊಂಡಿದ್ದು ನನ್ನಲ್ಲ, ನನ್ನ ಮೂಗನ್ನ.”

“ಹೌದ್ರಿ,” ಎಂದಳು ಸುಧಾರಾಣಿ. ಅವಳಿಗೆ ತಮಾಷೆ ಮಾಡುವುದು ಮರೆತುಹೋಗಿತ್ತು.

ಬ್ಯಾಡಗಿಯಿಂದ ಮೋಟೆಬೆನ್ನೂರಿನ ದಾರಿ ಹಿಡಿದರೆ ಎಡಕ್ಕೆ ಸಿಗುವ ಆ ಕಟ್ಟಡ ಮೂವತ್ತು ವರ್ಷ ಅವಳ ಅಪ್ಪ ವಿರೂಪಾಕ್ಷಪ್ಪನ ಮೆಣಸಿನಕಾಯಿ ಗೋದಾಮು. ಅಪ್ಪ ವ್ಯಾಪಾರ ನಿಲ್ಲಿಸಿದ ಮೇಲೆ ಮಗಳು ಅಲ್ಲಿ ಮಕ್ಕಳ ಬೇಸಿಗೆ ಶಿಬಿರ ತೆರೆದಳು. ಹೋದ ವರ್ಷ, ಮೊದಲ ದಿನವೇ, ದಾವಣಗೆರೆಯ ಎಂಟು ವರ್ಷದ ಹುಡುಗಿಯೊಬ್ಬಳಿಗೆ ಘಾಟಿಗೆ ಉಸಿರು ಕಟ್ಟಿತು. ದೇವರ ದಯೆ, ಮಗು ಉಳಿಯಿತು. ಶಿಬಿರ ಮಾತ್ರ ಅಂದೇ ಮುಚ್ಚಿತು.

ಹಿಂದಿನ ದಿನ ಎಲ್ಲ ಕೋಣೆ ಸುತ್ತಿ “ಎಲ್ಲಾ ಚೊಲೊ ಐತಿ” ಎಂದವಳು ಅವಳೇ. ಘಾಟಿನಲ್ಲೇ ಹುಟ್ಟಿ ಬೆಳೆದ ಮೂಗಿಗೆ ಘಾಟು ಎಲ್ಲಿ ತಿಳಿಯಬೇಕು? ಅದಕ್ಕೇ ಈ ಸಲ ಘಾಟಿಲ್ಲದ ಹೊಳೆದಂಡೆಯ ಐರಣಿಯಿಂದ ಬಂದ ಎಲೆಕ್ಟ್ರಿಶಿಯನ್‌ನ ಮೂಗಿಗೆ ಇಷ್ಟು ಮರ್ಯಾದೆ. ಅಲ್ಲಿಂದ ಮೂರನೆಯ ಸೋಮವಾರ ನಲವತ್ತು ಮಕ್ಕಳು ಬರುವವರಿದ್ದರು. ಇನ್ನೊಂದು ಮಗುವಿಗೆ ಹಾಗಾದರೆ ತನ್ನನ್ನು ತಾನೇ ಕ್ಷಮಿಸಲಾರೆ ಎಂದು ಅವಳಿಗೆ ಗೊತ್ತಿತ್ತು.

ತಿಳಿಯದೆ ಹೋದದ್ದು ಘಾಟೊಂದೇ ಅಲ್ಲ. ಎರಡು ವರ್ಷದ ಹಿಂದೆ ರಾಣೆಬೆನ್ನೂರಿನ ಕೋರ್ಟಿನಲ್ಲಿ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ, ಬಸ್‌ಸ್ಟ್ಯಾಂಡಿಗೆ ಬಂದು ಮಂಡಕ್ಕಿ ಗಿರಮಿಟ್ ತಿಂದಿದ್ದಳು. ಉಳ್ಳಾಗಡ್ಡಿ ಸ್ವಲ್ಪ ಜಾಸ್ತಿ ಹಾಕಿಸಿಕೊಂಡಿದ್ದಳು ಕೂಡ. ಜನ ಗಟ್ಟಿಗಿತ್ತಿ ಎಂದರು. ಅದು ಗಟ್ಟಿತನವಲ್ಲ, ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ದಿನ ಕಳೆದಂತೆ ಬಾಗಿಲ ಮೇಲಿನ ಏಳು ನಾಲ್ಕಾಯಿತು, ನಾಲ್ಕು ಎರಡಾಯಿತು. ಸಿದ್ದಲಿಂಗೇಶ ಬ್ಯಾಡಗಿಯ ಅತ್ತೆಯ ಮನೆಯಲ್ಲಿ ಉಳಿದುಕೊಂಡು ಬೆಳಿಗ್ಗೆ ಎಂಟಕ್ಕೇ ಹಾಜರಾಗುತ್ತಿದ್ದ. ಸ್ವಿಚ್ ಕೂರಿಸುವಾಗ ಒಂದು ಕಣ್ಣು ಸ್ಕ್ರೂ ಮೇಲೆ, ಇನ್ನೊಂದು ಅವಳ ಮೇಲೆ. ಅವಳು ತಿರುಗಿ ನೋಡಿದರೆ ಎರಡೂ ಕಣ್ಣು ಸ್ಕ್ರೂ ಮೇಲೆ.

ಒಂಬತ್ತನೆಯ ದಿನ ಚಹಾ ಕುಡಿಯುತ್ತ ಕೇಳಿಯೇಬಿಟ್ಟ. “ನನ್ನ ನೋಡಿದ್ರ ನಿಮಗ ಏನರ ಅನಸ್ತೈತೇನ್ರಿ?”

ಸುಧಾರಾಣಿ ಪ್ರಾಮಾಣಿಕವಾಗಿ ಯೋಚಿಸಿದಳು. “ಇಲ್ರಿ. ಏನೂ ಅನಸೂದಿಲ್ಲ. ಯಾರನ್ನ ನೋಡಿದ್ರೂ ಅನಸೂದಿಲ್ಲ.”

“ಖರೇ ಹೇಳಿದ್ರಲ್ಲ, ಅಷ್ಟ ಸಾಕು,” ಎಂದು ಅವನು ಲೋಟ ಕೆಳಗಿಟ್ಟ. ಭಾನುವಾರ ಊರಿಗೆ ಹೋಗಿ ಬಂದವನು ಹೊಳೆದಂಡೆಯ ಕಲ್ಲಂಗಡಿ ಹಣ್ಣೊಂದನ್ನು ತಂದು ಅವಳ ಮೇಜಿನ ಮೇಲಿಟ್ಟು ಏಣಿ ಹತ್ತಿದ.

ಗುರುವಾರ ನಾಲ್ಕೂ ಕೋಣೆಗಳಲ್ಲಿ ಅವನು ಒಂದು ಸಲವೂ ಸೀನಲಿಲ್ಲ. ಅವಳು ಸೀಮೆಸುಣ್ಣ ಎತ್ತಿಕೊಂಡಳು.

“ಸೊನ್ನಿ ಬರಿಬ್ಯಾಡ್ರಿ,” ಎಂದ ಸಿದ್ದಲಿಂಗೇಶ. “ಭಾನುವಾರ ಮನ್ಯಾಗ ಈ ಅಂಗಿ ಝಾಡಿಸಿದೆ. ನಮ್ಮವ್ವ ಐದು ಸಲ ಸೀನಿದ್ಲು. ನನಗ ಏನೂ ಆಗ್ಲಿಲ್ಲ. ನನ್ನ ಮೂಗೂ ನಿಮ್ಮೂರವರ ಮೂಗಿನಂಗ ಆಗೇತ್ರಿ. ಅವತ್ತ ಹೇಳಬೇಕಿತ್ತು. ಹೇಳಿದ್ರ ನನ್ನ ಇಲ್ಲಿ ಯಾಕ ಇಟ್ಕೋತೀರಿ ಅಂತ ಸುಮ್ನಾದೆ. ತಪ್ಪಾತು.”

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಹೋದ ಮೂಗು ತಿರುಗಿ ಬರಾಕ ಎಷ್ಟು ದಿನ ಬೇಕು?”

“ಹೊಳಿ ದಂಡ್ಯಾಗ ಇದ್ರ ಮೂರು ದಿನ. ನಮ್ಮವ್ವನ್ನ ಕರ್ಕೊಂಡು ಬರ್ಲೇನು? ಆಕಿ ಮೂಗು ಚೊಲೊ ಐತಿ.”

“ಬ್ಯಾಡ. ಹೋದ ವರ್ಷ ಚೊಲೊ ಐತಿ ಅಂದಾಕಿ ನಾನು. ಈ ಸಲ ನನ್ನ ಮೂಗ ಹೇಳಬೇಕು. ನಾ ನಿಮ್ಮೂರಿಗೆ ಹೋಗ್ತೇನಿ. ನೀವಿಲ್ಲಿ ಉಳಿದ ಕೆಲಸ ಮುಗಸ್ರಿ.”

ಹೀಗೆ ಅವನು ಅವಳ ಗೋದಾಮಿನಲ್ಲಿ, ಅವಳು ಅವನ ಮನೆಯಲ್ಲಿ. ಸಿದ್ದಲಿಂಗೇಶನ ತಾಯಿ ಪ್ರೇಮವ್ವ ಮಗ ಫೋನಿನಲ್ಲಿ ಹೇಳಿದಂತೆ ಖಾರವಿಲ್ಲದ ಪಲ್ಯ ಮಾಡಿ ರೊಟ್ಟಿ ಬಡಿದಳು. ಮೊದಲ ದಿನ ಹೊಳೆಯಲ್ಲಿ ನಿಂತರೂ ಸುಧಾರಾಣಿಗೆ ನೀರು ತಣ್ಣಗಿದೆ ಎಂಬುದಷ್ಟೇ ತಿಳಿಯಿತು. ಶನಿವಾರ ಸಂಜೆ ಹಗ್ಗದ ಮೇಲಿನ ಬಟ್ಟೆ ತೆಗೆಯುವಾಗ ಅವನ ನೀಲಿ ಅಂಗಿಯಿಂದ ಸಾಬೂನು, ಬಿಸಿಲು ಎರಡೂ ವಾಸನೆ ಬಂತು. ಅದನ್ನು ಮಡಿಸಲು ಅವಳು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಪ್ರೇಮವ್ವ ಕಂಡೂ ಕಾಣದಂತೆ ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅವಳು ಗೋದಾಮಿಗೆ ಬಂದಾಗ ಸಿದ್ದಲಿಂಗೇಶ ಬಾಗಿಲಲ್ಲಿ ನಿಂತಿದ್ದ. ಒಂದನೆಯ ಕೋಣೆ, ಎರಡನೆಯ ಕೋಣೆ, ಏನೂ ಇಲ್ಲ. ಮೂರನೆಯದರಲ್ಲಿ ಮಕ್ಕಳಿಗೆಂದು ಹಾಸಿದ ಹೋದ ವರ್ಷದ ದಿಂಬೊಂದರ ಮೇಲೆ ಕೂತಳು. ಗಂಟಲು ಹಿಡಿಯಿತು. ಸೀನಿದಳು.

“ಒಂಟಿ ಸೀನು ಚೊಲೊ ಅಲ್ರಿ,” ಎಂದ ಅವನು ಮೆಲ್ಲಗೆ.

“ತಡೀರಿ, ಇನ್ನೊಂದು ಬರಾಕತ್ತೈತಿ.”

ಬಂತು. ಅದರ ಹಿಂದೆ ಮತ್ತೆ ನಾಲ್ಕು. ಅವಳು ಎದ್ದು ದಿಂಬನ್ನು ಕೊಡವಿದಳು. ಕೆಂಪು ಪುಡಿ ಉದುರಿತು. ಒಳ್ಳೆಯ ಚೀಲ ಯಾಕೆ ಹಾಳಾಗಬೇಕು ಎಂದು ಹೋದ ವರ್ಷ ಹಳೆಯ ಮೆಣಸಿನಕಾಯಿ ಚೀಲಗಳನ್ನು ಬಣ್ಣದ ಬಟ್ಟೆಯೊಳಗೆ ತುಂಬಿ ಹೊಲಿದವಳು ಅವಳೇ. ಆ ಹುಡುಗಿಯನ್ನು ಕೂರಿಸಿದ್ದೂ ಇಂಥದರ ಮೇಲೆಯೇ.

ಕಣ್ಣೀರು ಧಾರಾಕಾರವಾಗಿ ಸುರಿಯಿತು. ಮೊದಲು ಘಾಟಿಗೆ, ಆಮೇಲೆ ಆ ಹುಡುಗಿಗಾಗಿ, ಆಮೇಲೆ ಕೋರ್ಟಿನ ಆ ಮಧ್ಯಾಹ್ನಕ್ಕಾಗಿ. ಬಹಳ ನೋವಾಯಿತು. ಸಿದ್ದಲಿಂಗೇಶ ತಂಬಿಗೆಯಲ್ಲಿ ನೀರು ತಂದು ಪಕ್ಕದಲ್ಲಿಟ್ಟು, ದಿಂಬುಗಳನ್ನು ಒಂದೊಂದಾಗಿ ಹೊರಗೆ ಹೊತ್ತೊಯ್ದ.

ನೆಲ ಮತ್ತೆ ತೊಳೆದರು. ಹೊತ್ತು ಇಳಿಯುವಾಗ ಅವಳು ಮೂರರಲ್ಲೂ ನಾಲ್ಕರಲ್ಲೂ ಒಂದೊಂದು ತಾಸು ಬರಿ ನೆಲದ ಮೇಲೆ ಕೂತಳು. ಸೀನು ಬರಲಿಲ್ಲ. ಎದ್ದು ನಾಲ್ಕೂ ಬಾಗಿಲ ಮೇಲೆ ಸೊನ್ನೆ ಬರೆದಳು.

ಸಿದ್ದಲಿಂಗೇಶ ಇಕ್ಕಳ, ಟೆಸ್ಟರು ಚೀಲಕ್ಕೆ ಹಾಕಿಕೊಂಡ. “ವೈರಿಂಗೂ ಮುಗೀತು. ನನ್ನ ಮೂಗೂ ಕೆಟ್ಟೈತಿ. ಇನ್ನ ನಾ ಬರ್ತೇನ್ರಿ.”

ಸುಧಾರಾಣಿ ಕೆಂಪಾದ ಕಣ್ಣೆತ್ತಿ ನೋಡಿದಳು. ಎದೆಯಲ್ಲಿ ಉರಿ ಇನ್ನೂ ಇತ್ತು, ಅದು ಮೆಣಸಿನಕಾಯಿಯದ್ದಲ್ಲ ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಮೂಗು ಬ್ಯಾಡ್ರಿ,” ಎಂದಳು. “ನೀವು ಇರ್ರಿ.”

ಅವನು ಚೀಲವನ್ನು ಮೆಲ್ಲಗೆ ನೆಲದ ಮೇಲಿಟ್ಟ.