ಸುತ್ತಿಟ್ಟ ಜಮಖಾನ

"ಅದನ್ನ ಅಲ್ಲೇ ಇಳಿಸಿ!"

ಬ್ರಿಟಾ ಕೂಗಿದ ರಭಸಕ್ಕೆ, ಬಾಗಿಲು ದಾಟುತ್ತಿದ್ದ ಆ ಎತ್ತರದ ಮನುಷ್ಯ ಗಕ್ಕನೆ ನಿಂತ. ಅವನ ಹೆಗಲ ಮೇಲೆ ಸುತ್ತಿದ ಒಂದು ಜಮಖಾನ. ಅವಳ ತರಗತಿಯಲ್ಲಿ ಉಳಿದಿದ್ದ ಕೊನೆಯ ವಸ್ತು!

ಮಿಕ್ಕಿದ್ದೆಲ್ಲ ಆಗಲೇ ಖಾಲಿಯಾಗಿತ್ತು. ಕಥೆ ಪುಸ್ತಕದ ಕಪಾಟು, ಬಣ್ಣದ ಡಬ್ಬಿಗಳು, ಮಣಿಚೌಕಟ್ಟು, ಭೂಪಟ... ಗೋಡೆಯಲ್ಲಿ ಬರೀ ಮೊಳೆಗಳು.

"ಇದು ನಂದು," ಅಂದ ಅವನು, ಮೆಲ್ಲಗೆ.

"ನಿಮ್ದಾ? ನನ್ನ ಕೋಣೆಯಲ್ಲಿ ನಿಮ್ದು ಹೇಗ್ರೀ ಬಂತು?"

ಅವನು ಜಮಖಾನವನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಎದುರಿನ ಐದನೇ ತರಗತಿಗೆ ನಡೆದು ಬಾಗಿಲು ಮುಚ್ಚಿಕೊಂಡ.

'ಎಂಥಾ ಊರಿಗೆ ಬಂದುಬಿಟ್ಟೆ...' ಬ್ರಿಟಾಳ ಕಣ್ಣು ತುಂಬಿತು.

ಉತ್ತರ ಡಕೋಟಾದ ಆ ಪುಟ್ಟ ಊರಲ್ಲಿ ಅವಳಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ. ಮದುವೆ ಮುರಿದುಬಿದ್ದ ಮೇಲೆ, ಎಲ್ಲಿಗಾದರೂ ಸರಿ ಎಂದು ಅರ್ಜಿ ಹಾಕಿ ಬಂದವಳು. ಸುತ್ತ ಗೋಧಿ ಹೊಲ, ಮೇಲೆ ಆಕಾಶ, ನಡುವೆ ನಿಲ್ಲದೆ ಬೀಸುವ ಗಾಳಿ.

"ಇಲ್ಲಿಯ ಪದ್ಧತಿ ಕಣೇ!" ನಾಲ್ಕನೇ ತರಗತಿಯ ಮಾರ್ವಾ ಕಾಫಿ ಕೊಡುತ್ತಾ ನಕ್ಕಳು. "ಯಾರಾದ್ರೂ ಬಿಟ್ಟು ಹೋದ್ರೆ ಅವರ ಕೋಣೆ ಮಿಕ್ಕವರ ಪಾಲು. ನಾನೂ ಕಪಾಟು ತಗೊಂಡೆ, ಸುಳ್ಳು ಯಾಕೆ ಹೇಳ್ಲಿ? ಪಾಪ, ನಿನ್ನ ಕೋಣೆಯಲ್ಲಿದ್ದ ಕೊರಿನ್ ಟೀಚರ್ ವಸಂತದಲ್ಲಿ ತೀರಿಹೋದ್ರು."

ಸತ್ತವಳ ಕೋಣೆಯನ್ನೂ ಬಿಡಲಿಲ್ಲವಲ್ಲ! ಬ್ರಿಟಾಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಎಲ್ಲರಿಗಿಂತ ಹೆಚ್ಚಾಗಿ ಜಮಖಾನ ಹೊತ್ತೊಯ್ದ ಆ ವೆಂಡಲ್ ಮೇಷ್ಟ್ರ ಮೇಲೆ.

ಮರುದಿನ ಕಾರಿಡಾರಿನಲ್ಲಿ ಎದುರಾದಾಗ ಕೇಳಿಯೇಬಿಟ್ಟಳು. "ಏನ್ ಜಮಖಾನ ಕಳ್ಳರೇ, ಚೆನ್ನಾಗಿದೀರಾ?"

ಅವನು ತಲೆಯಾಡಿಸಿ ಮುಂದೆ ಹೋದ.

ಒಂದನೇ, ಎರಡನೇ ತರಗತಿ ಎರಡೂ ಸೇರಿ ಅವಳದು ಒಂದೇ ಕೋಣೆ. ಖಾಲಿ ನೆಲವನ್ನೇ ಅವಳು ಹಲಗೆ ಮಾಡಿಕೊಂಡಳು. ನೀಲಿ ಅಂಟುಪಟ್ಟಿಯಿಂದ ಗೋಡೆಯಿಂದ ಗೋಡೆಗೆ ಗೆರೆ ಎಳೆದು ಸಂಖ್ಯೆ ಬರೆದಳು. ಕೂಡಿಸಬೇಕಾದರೆ ಮುಂದಕ್ಕೆ ಕುಪ್ಪಳಿಸು, ಕಳೆಯಬೇಕಾದರೆ ಹಿಂದಕ್ಕೆ! ಹನ್ನೆರಡು ಗುಳಿಯ ಮೊಟ್ಟೆ ಡಬ್ಬಿಯಲ್ಲಿ ಎರಡು ಗುಳಿ ಕತ್ತರಿಸಿ ತೆಗೆದರೆ ಹತ್ತರ ಮನೆ. ಅದರೊಳಗೆ ಗುಂಡಿ ತುಂಬಿಸಿ ಎಣಿಸುವ ಆಟ. ದೀಪ ಆರಿಸಿ, ಟಾರ್ಚ್ ಹಿಡಿದು, ಗೋಡೆಯ ಮೇಲೆ ಬೆರಳುಗಳ ನೆರಳಲ್ಲಿ ನರಿಯ ಕಥೆ.

ಮಕ್ಕಳ ನಗು ಕಾರಿಡಾರಿಗೆ ಹರಿಯುತ್ತಿತ್ತು. ಎದುರಿನ ಬಾಗಿಲು ಒಂದೊಂದು ಸಲ ಒಂದಿಷ್ಟು ತೆರೆದುಕೊಳ್ಳುತ್ತಿತ್ತು. ಅವಳು ನೋಡಿದರೆ ಮುಚ್ಚುತ್ತಿತ್ತು.

ಸಂಜೆ ಮಾತ್ರ ಕಷ್ಟ. ಬಾಡಿಗೆ ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚ. ಒಬ್ಬಳಿಗೆಂದು ಮಾಡುವ ಅಡುಗೆಯಲ್ಲಿ ಉಪ್ಪು ಯಾಕೋ ಯಾವತ್ತೂ ಹೆಚ್ಚಾಗುತ್ತದೆ. 'ನಾನು ಇವತ್ತು ಇಲ್ಲಿಲ್ಲದಿದ್ದರೆ ಯಾರಿಗೆ ಗೊತ್ತಾಗ್ತಿತ್ತು?' ಎಂದುಕೊಳ್ಳುತ್ತಾ ಅವಳು ತಿನ್ನುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ವೆಂಡಲ್ ಕೋಣೆಯ ಹೀಟರ್ ಕೆಟ್ಟಿತು. ಅವನ ಮಕ್ಕಳನ್ನು ಕರೆತರಲು ಬ್ರಿಟಾ ಎರಡನೇ ತರಗತಿಯ ಪುಟಾಣಿ ಪೈಪರ್‌ಳ ಕೈ ಹಿಡಿದು ಅಲ್ಲಿಗೆ ಹೋದಳು. ಮೂಲೆಯಲ್ಲಿ ಜಮಖಾನ ಕಂಡಿತು. ಸುತ್ತಿದ್ದು ಸುತ್ತಿದ ಹಾಗೇ, ಕಟ್ಟಿದ ಹಗ್ಗವೂ ಬಿಚ್ಚದೆ!

'ಹಾಸೋದೇ ಇಲ್ಲ ಅಂದಮೇಲೆ ಯಾಕೆ ಹೊತ್ತು ತಂದ?'

"ಮಿಸ್, ಅದರ ಮೇಲೆ ನಾನು ಸೇಬಿನ ರಸ ಚೆಲ್ಲಿದ್ದೆ," ಪೈಪರ್ ಪಿಸುಗುಟ್ಟಿದಳು. "ಕೊರಿನ್ ಟೀಚರ್ ಬೈಲೇ ಇಲ್ಲ. ಮೇಷ್ಟ್ರೂ ಬೈಲಿಲ್ಲ. ಅವರ ಮನೆಯಿಂದ್ಲೇ ತಂದಿದ್ದಲ್ವಾ..."

"ಯಾರ ಮನೆಯಿಂದ?"

"ಇವರ ಮನೆಯಿಂದ! ಕೊರಿನ್ ಟೀಚರ್ ಮೇಷ್ಟ್ರ ಹೆಂಡ್ತಿ ಅಲ್ವಾ ಮಿಸ್?"

ಊರಿಗೆಲ್ಲ ಗೊತ್ತಿದ್ದ ಮಾತು. ಅದಕ್ಕೇ ಅವಳಿಗೆ ಯಾರೂ ಹೇಳಿರಲಿಲ್ಲ.

ಬ್ರಿಟಾಳ ಮುಖ ಸುಟ್ಟಂತಾಯಿತು. ಎಷ್ಟು ಸಲ ಕಳ್ಳ ಎಂದಿದ್ದಳು... ಎಷ್ಟು ಸಲ ಅವನು ಸುಮ್ಮನೆ ತಲೆಯಾಡಿಸಿದ್ದ!

ಅವತ್ತು ಎರಡೂ ತರಗತಿ ಒಂದೇ ಕೋಣೆಯಲ್ಲಿ. ಅವಳು ಬಕೆಟ್ ತುಂಬ ಹಿಮ ತರಿಸಿ ಹೀಟರ್ ಪಕ್ಕ ಇಟ್ಟಳು. "ಕರಗಿದರೆ ಎಷ್ಟು ನೀರಾಗುತ್ತೆ? ಬಕೆಟ್ ಮೇಲೆ ಗೆರೆ ಹಾಕಿ ನೋಡೋಣ!" ದೊಡ್ಡವರು ಚಿಕ್ಕವರು ಎಲ್ಲ ಮುಗಿಬಿದ್ದು ಗೆರೆ ಹಾಕಿದರು. ಊಟದ ಹೊತ್ತಿಗೆ ನೋಡಿದರೆ ತಳದಲ್ಲಿ ಒಂದಿಷ್ಟು ನೀರು, ಅಷ್ಟೇ.

"ಮಿಕ್ಕಿದ್ದು ಎಲ್ಲಿ ಹೋಯ್ತು? ಮೋಸ!" ಪೈಪರ್ ಕೂಗಿದಳು.

"ಮೋಸ ಅಲ್ಲ ಮರಿ," ಎಂದ ವೆಂಡಲ್. "ನಡುನಡುವೆ ಬರೀ ಗಾಳಿ ಇತ್ತು. ತುಂಬಿದೆ ಅಂತ ನಮಗೆ ಕಾಣ್ತಿತ್ತು, ಅಷ್ಟೇ."

ಮಕ್ಕಳು ಊಟಕ್ಕೆ ಓಡಿದ ಮೇಲೆ ಬ್ರಿಟಾ ಅವನೆದುರು ನಿಂತಳು.

"ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ. ಕಳ್ಳ ಅಂತ ಕರೆದುಬಿಟ್ಟೆ... ಕ್ಷಮಿಸಿ."

ಅವನು ಬಕೆಟ್ ನೋಡುತ್ತಾ ನಿಧಾನಕ್ಕೆ ಹೇಳಿದ. "ನೀವು ಕರೆದಾದ್ರೂ ಕರೆದ್ರಿ. ಬೇರೆಯವರೆಲ್ಲ ನಾನು ಬಂದ ತಕ್ಷಣ ಮಾತು ನಿಲ್ಲಿಸ್ತಾರೆ."

ಬ್ರಿಟಾ ತನ್ನ ಕಾಫಿಯಲ್ಲಿ ಅರ್ಧ ಅವನಿಗೆ ಬಗ್ಗಿಸಿ ಕೊಟ್ಟಳು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವನು ಮೊಟ್ಟೆ ಡಬ್ಬಿ ಕತ್ತರಿಸಲು ಬರತೊಡಗಿದ. ಕಾಫಿ ತಣ್ಣಗಾಗುವ ತನಕ ಮಾತು. ಮನೆಯಲ್ಲಿ ಅವಳು ಎರಡನೇ ತಟ್ಟೆ ಕೊಂಡುಕೊಂಡಳು. ಯಾಕೆಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಮಾರ್ಚ್‌ನಲ್ಲಿ ಒಂದು ದಿನ, ಸ್ಟಾಫ್ ರೂಮಿಗೆ ನಿಂಬೆ ಕೇಕ್ ತೆಗೆದುಕೊಂಡು ಹೋದಳು. ಬಾಗಿಲ ಬಳಿ ಮಾರ್ವಾಳ ದನಿ ಕೇಳಿಸಿತು.

"ಆ ಜಮಖಾನ ವಾಪಸ್ ಹಾಸೋ ಮಾರಾಯ! ಬ್ರಿಟಾ ಮಕ್ಕಳು ತಣ್ಣಗಿನ ನೆಲದಲ್ಲಿ ಕೂರ್ತಾವೆ."

"ಇನ್ನೊಬ್ಬರು ಅದರ ಮೇಲೆ ಕೂರೋದನ್ನ ನಾನು ನೋಡಲಾರೆ ಮಾರ್ವಾ. ಇನ್ನು ಕೇಳಬೇಡ." ವೆಂಡಲ್‌ನ ದನಿ.

ಇನ್ನೊಬ್ಬರು...!

ಬ್ರಿಟಾ ಕೇಕ್ ಹಿಡಿದುಕೊಂಡೇ ಹಿಂದಿರುಗಿದಳು. 'ನಾನೆಲ್ಲಿ ಹೋದರೂ ಇನ್ನೊಬ್ಬಳೇ. ಈ ಕೋಣೆ ಎಂದಿಗೂ ಅವಳದೇ.'

ಅದೇ ವಾರ, ಮುಂದಿನ ವರ್ಷಕ್ಕೆ ತಾನಿರುವುದಿಲ್ಲ ಎಂದು ಹೆಡ್ ಮಿಸ್ಸಿಗೆ ಹೇಳಿಬಿಟ್ಟಳು. ಸಂಜೆ ಅವನು ಬಾಗಿಲು ತಟ್ಟಿದಾಗ, "ತಲೆನೋವು" ಎಂದಳು. ಮರುದಿನವೂ ಅದನ್ನೇ ಹೇಳಿದಳು. ಆಮೇಲೆ ಅವನು ತಟ್ಟುವುದನ್ನೇ ಬಿಟ್ಟ.

ಶಾಲೆಯ ಕೊನೆಯ ದಿನ ಬಂತು. ಮಕ್ಕಳು ಹೋಗಿಯಾಗಿತ್ತು. ಬ್ರಿಟಾ ಮಂಡಿಯೂರಿ ನೆಲದ ನೀಲಿ ಪಟ್ಟಿ ಕೀಳುತ್ತಿದ್ದಳು. ಕಾರಿಡಾರಿನಲ್ಲಿ ಗಾಲಿಗಳ ಸದ್ದು. ಪದ್ಧತಿ!

"ಮೊಟ್ಟೆ ಡಬ್ಬಿ ನಂಗೆ, ಹಾಂ?" ಮಾರ್ವಾ ಗಾಡಿ ತಳ್ಳಿಕೊಂಡು ಬಂದಳು. ಅವಳ ಕಣ್ಣು ಕೆಂಪಾಗಿತ್ತು. "ಈ ಊರಿಗೆ ಇನ್ನೂ ಒಬ್ಬ ಟೀಚರೂ ಸಿಕ್ಕಿಲ್ಲ ಗೊತ್ತಾ. ಹೋಗ್ತಿದೀಯಲ್ಲೇ, ಮೊಂಡಿ!"

"ಯಾರೂ ಏನೂ ಮುಟ್ಟಬೇಡಿ."

ಬಾಗಿಲಲ್ಲಿ ವೆಂಡಲ್. ಹೆಗಲ ಮೇಲೆ ಜಮಖಾನ. ಮೊದಲ ದಿನ ಕಂಡ ಹಾಗೇ! ಆದರೆ ಈ ಸಲ ಮುಖ ಒಳಗಡೆಗಿತ್ತು.

ಮಾರ್ವಾ ಅವನನ್ನು ನೋಡಿದಳು, ಇವಳನ್ನು ನೋಡಿದಳು, ಖಾಲಿ ಗಾಡಿ ತಿರುಗಿಸಿಕೊಂಡು ಹೊರಟೇಹೋದಳು.

ಅವನು ಹಗ್ಗ ಬಿಚ್ಚಿ ಹಾಸಿದ. ಸಾಬೂನು, ಬಿಸಿಲಿನ ವಾಸನೆ. ಅಂಚಿನಲ್ಲಿ ಮಾತ್ರ ಸೇಬಿನ ರಸದ ಕಲೆ ಹಾಗೇ ಇತ್ತು.

"ತೊಳೆದೆ. ಕಲೆ ಹೋಗಲಿಲ್ಲ," ಅಂದ. "ಹೋಗೋದು ನಂಗೂ ಬೇಕಿರಲಿಲ್ಲ."

ಬ್ರಿಟಾ ಇನ್ನೊಂದು ಪಟ್ಟಿ ಕಿತ್ತು ಕೈಯಲ್ಲಿದ್ದ ಉಂಡೆಗೆ ಸುತ್ತಿದಳು.

"ಅವತ್ತು ನೀವು ಬಾಗಿಲಿಂದ ತಿರುಗಿ ಹೋಗಿದ್ದನ್ನ ಮಾರ್ವಾ ಕಂಡಿದ್ಲಂತೆ. ಇವತ್ತು ಬೆಳಿಗ್ಗೆ ಹೇಳಿದ್ಲು, ನೂರು ಬೈಗುಳದ ಜೊತೆ." ಅವನು ಬಿಚ್ಚಿದ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡ. "ನೋಡಲಾರೆ ಅಂದಿದ್ದು ನಿಜ ಬ್ರಿಟಾ. ಆದ್ರೆ ನೀವು ಇದರ ಮೇಲೆ ಕೂತು ಕಥೆ ಹೇಳೋದನ್ನ ನೋಡಿದ್ರೆ ನೋವಾಗುತ್ತೆ ಅಂತಲ್ಲ... ಖುಷಿಯಾಗುತ್ತೆ ಅಂತ ಗೊತ್ತಿತ್ತು. ಆ ಖುಷಿಗೇ ಹೆದರಿದ್ದೆ."

ಗಾಳಿ ಕಿಟಕಿಯನ್ನು ಅಲುಗಿಸಿತು.

"ನೀವಿಲ್ಲದ ಈ ಕೋಣೆ ನಂಗೆ ಬೇಡ. ಉಳೀತೀರಾ?"

ಅವಳು ಕೈಯಲ್ಲಿದ್ದ ನೀಲಿ ಪಟ್ಟಿಯ ಉಂಡೆಯನ್ನು ಕೆಳಗಿಟ್ಟಳು. ಚಪ್ಪಲಿ ಬಿಟ್ಟು, ಮೆಲ್ಲಗೆ ಹೋಗಿ ಜಮಖಾನದ ಒಂದು ಬದಿಯಲ್ಲಿ ಕೂತಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಅವನು ಒಂದು ಹೆಜ್ಜೆ ಮುಂದಿಟ್ಟ.

"ಜಮಖಾನ ಕಳ್ಳರೇ, ಬೂಟು!"

"ಆಂ?"

"ಬೂಟು ಬಿಚ್ಚಿ ಬನ್ನಿ. ನನ್ನ ತರಗತಿಯಲ್ಲಿ ಬೂಟು ಹಾಕ್ಕೊಂಡು ಜಮಖಾನ ತುಳಿಯೋ ಹಾಗಿಲ್ಲ."

"ನಿಮ್ಮ ತರಗತಿ...?"

"ಹೂಂ," ಎಂದಳು ಬ್ರಿಟಾ, ಪಕ್ಕದಲ್ಲಿ ಜಾಗ ಬಿಡುತ್ತಾ. "ನಂದೇ."