ಪಿತ್ತಕೋಶವಿಲ್ಲದ ಚಿತ್ರ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಜಿಲ್ಲಾಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಡಾಕ್ಟರ್ ಪಿಚಯಾ ಠಾಣೆಗೆ ಬಂದು ದೂರು ಕೊಟ್ಟರು. ಆಸ್ಪತ್ರೆಯ ಸಿ.ಟಿ. ಯಂತ್ರದಲ್ಲಿ ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಮಲಗಿ ಎದ್ದು ಹೋಗಿದ್ದಾನೆ ಎಂಬುದು ದೂರಿನ ಸಾರ. ಇನ್‌ಸ್ಪೆಕ್ಟರ್ ವಿರತ್ ಇಷ್ಟು ವರ್ಷದ ನೌಕರಿಯಲ್ಲಿ ಇಂಥದ್ದನ್ನು ಕೇಳಿರಲಿಲ್ಲ. ಪರೀಕ್ಷೆಗೆ ಬದಲಿ ಕೂತವರನ್ನು ಹಿಡಿದಿದ್ದ, ಜೈಲಿಗೆ ಬದಲಿ ಹೋದವನನ್ನೂ ಕಂಡಿದ್ದ. ಹೊಟ್ಟೆ ತೋರಿಸುವುದಕ್ಕೂ ಬದಲಿ ಹೋಗುವವರುಂಟೇ?

"ಆಧಾರ ಏನು ಡಾಕ್ಟ್ರೇ?"

ಪಿಚಯಾ ಲ್ಯಾಪ್‌ಟಾಪ್ ತೆರೆದು ಎರಡು ಚಿತ್ರ ತೋರಿಸಿದರು. ಮೊದಲನೆಯದು ಬಾನ್ ನೊಂಗ್‌ವೇಂಗ್ ಹಳ್ಳಿಯ ತಪಾಸಣಾ ಶಿಬಿರದಲ್ಲಿ ತೆಗೆದ ಅಲ್ಟ್ರಾಸೌಂಡ್. ಇನ್ನೊಂದು ಮೂರು ವಾರದ ನಂತರ ಆಸ್ಪತ್ರೆಯಲ್ಲಿ ತೆಗೆದ ಸಿ.ಟಿ. ಎರಡರ ಮೇಲೂ ಖಾಮ್‌ಸಿಂಗ್ ಎಂಬ ಐವತ್ತೆರಡರ ಮೀನುಗಾರನ ಹೆಸರಿತ್ತು.

"ಹಳ್ಳಿ ಚಿತ್ರದಲ್ಲಿ ಪಿತ್ತಕೋಶ ಇದೆ ನೋಡಿ. ಯಕೃತ್ತಿನ ಎಡಭಾಗದಲ್ಲಿ ಪಿತ್ತನಾಳ ಉಬ್ಬಿದೆ, ಪಕ್ಕದಲ್ಲೊಂದು ನೆರಳು. ಅದಕ್ಕೇ ಸಿ.ಟಿ.ಗೆ ಕಳಿಸಿದ್ದು. ಈ ಸಿ.ಟಿ.ಯಲ್ಲಿ ನಾಳ ಚೊಕ್ಕ, ಯಕೃತ್ತು ಚೊಕ್ಕ. ಆದ್ರೆ ಪಿತ್ತಕೋಶವೇ ಇಲ್ಲ. ಯಾವಾಗಲೋ ಆಪರೇಷನ್ ಮಾಡಿ ತೆಗೆದು ಕ್ಲಿಪ್ ಹಾಕಿದಾರೆ. ಸಿ.ಟಿ. ನೋಡಿದ ಡಾಕ್ಟರು ಅವತ್ತೇ ಚೊಕ್ಕ ಅಂತ ಹೇಳಿ ಕಳಿಸಿದ್ರು, ಹಳೇ ಚಿತ್ರ ಪಕ್ಕಕ್ಕಿಟ್ಟು ನೋಡಿದ್ದು ನಾನು."

"ಈ ಸಿ.ಟಿ.ಯಲ್ಲಿ ಇಲ್ಲೇನು ಗೆರೆ, ಪಕ್ಕೆ ಹತ್ರ? ಮೂರಿದೆ."

"ಚಿನ್ನದ ಸೂಜಿ. ಗುರುಗಳ ಹತ್ರ ಮಂತ್ರ ಹಾಕಿಸಿ ಚರ್ಮದಡಿ ಸೇರಿಸ್ಕೊಳ್ತಾರಲ್ಲ, ಏಟು ತಾಗಬಾರದು ಅಂತ. ಈ ಕಡೆ ಗಂಡಸರ ಚಿತ್ರದಲ್ಲಿ ದಿನಾ ನೋಡ್ತೀನಿ."

ಹೆಡ್ ಕಾನ್‌ಸ್ಟೆಬಲ್ ಚಾಮ್ನಾನ್ ಯಾರೂ ಕೇಳದಿದ್ದರೂ ತನ್ನ ತೋಳಿನಲ್ಲಿದ್ದ ಸೂಜಿಯನ್ನು ಒತ್ತಿಕೊಂಡ. "ಏಟು ತಾಗಲ್ಲ ಸಾರ್, ನಿಜ. ಹೆಂಡ್ತಿ ಮಾತೊಂದೇ ತಾಗೋದು."

ವಿರತ್ ನಗಲಿಲ್ಲ. "ಬದಲಿ ಹೋದವನಿಗೆ ಏನು ಲಾಭ?"

"ಅದು ನಿಮ್ಮ ಕೆಲಸ. ನನ್ನ ಚಿಂತೆ ನಿಜವಾದ ಖಾಮ್‌ಸಿಂಗ್‌ದು. ಅವನ ನಾಳದಲ್ಲಿ ಗಂಟು ಇದೆ ಅಂತ ನನ್ನ ಅನುಮಾನ. ಹಸಿ ಮೀನಿನ ಹುಳ ವರ್ಷಗಟ್ಟಲೆ ಕೂತು ಮಾಡೋ ಕೆಲಸ ಅದು. ಈಗ ಸಿಕ್ಕರೆ ಕೊಯ್ದು ತೆಗೀಬಹುದು. ನಾಳ ಕಟ್ಟಿಕೊಂಡು ಕಾಮಾಲೆ ಹತ್ತಿ, ಮೇಲೆ ಚಳಿಜ್ವರ ಬಂತು ಅಂದ್ರೆ ಒಂದೆರಡು ದಿನ ಕೂಡ ಸಿಗಲ್ಲ. ಅವನ ಫೋನು ಬಂದ್ ಆಗಿದೆ."

ಎಫ್‌ಐಆರ್ ಬರೆದು ಮುಗಿಸುವಷ್ಟರಲ್ಲಿ ವಿರತ್‌ಗೆ ಸಿಟ್ಟು ನೆತ್ತಿಗೇರಿತ್ತು. ಮೊದಲ ಅನುಮಾನ ಆಸ್ಪತ್ರೆಯವರ ಮೇಲೇ ಬಂತು. ಯಾರಾದರೂ ಕೈ ಬಿಸಿ ಮಾಡಿಸಿಕೊಂಡು ಕಣ್ಣು ಮುಚ್ಚಿರಬೇಕು. ಹಾಗಂದುಕೊಂಡೇ ಅವನು ಸ್ಕ್ಯಾನಿಂಗ್ ಕೋಣೆಯ ತಂತ್ರಜ್ಞ ನಿಪೋನ್‌ನನ್ನು ಎದುರು ಕೂರಿಸಿಕೊಂಡ.

"ಕಾರ್ಡ್ ನೋಡಿದ್ಯಾ?"

"ನೋಡ್ದೆ ಸಾರ್."

"ಮುಖ?"

"ಮುಖಗವಸು ಹಾಕಿದ್ದ. ಕಣ್ಣು, ಹಣೆ ಎಲ್ಲಾ ಹೊಂದುತ್ತಿತ್ತು. ದಿನಕ್ಕೆ ನಲವತ್ತು ಜನ ಬರ್ತಾರೆ ಸಾರ್, ಒಬ್ಬೊಬ್ಬರ ಗವಸು ಬಿಚ್ಚಿಸೋಕೆ ಆಗುತ್ತಾ?"

"ಬೇರೆ ಏನಾದ್ರೂ ನೆನಪಿದ್ಯಾ?"

ನಿಪೋನ್ ಯೋಚಿಸಿದ. "ಎರಡೂ ಕೈ ತಲೆ ಮೇಲೆ ಎತ್ತಿ ಮಲಗ್ಬೇಕು. ಅವನ ಬಲಗೈ ಪೂರ್ತಿ ಏಳಲಿಲ್ಲ. ಹಳೇ ಪೆಟ್ಟು, ರಿಂಗ್‌ನಲ್ಲಿ ಬಿದ್ದಿದ್ದು ಅಂದ. ಉಸಿರು ಹಿಡಿ ಅಂದ್ರೆ ಮಾತ್ರ, ಅಬ್ಬಾ, ಎಮ್ಮೆ ನೀರಲ್ಲಿ ಮುಳುಗಿದ ಹಾಗೆ ಹಿಡಿದ."

ಬಾಕ್ಸರ್. ಪಿತ್ತಕೋಶ ಕಳೆದುಕೊಂಡ ಬಾಕ್ಸರ್. ನಿಪೋನ್ ಸುಳ್ಳು ಹೇಳುತ್ತಿಲ್ಲ ಎಂದು ವಿರತ್‌ಗೆ ಅನ್ನಿಸಿತು. ಅವನನ್ನು ಬಿಟ್ಟು ಜೀಪು ಹತ್ತಿದ.

ಬಾನ್ ನೊಂಗ್‌ವೇಂಗ್ ಅಣೆಕಟ್ಟಿನ ಹಿನ್ನೀರಿನ ದಂಡೆಯ ಊರು. ಖಾಮ್‌ಸಿಂಗ್‌ನ ಮನೆ ಮರದ ಕಂಬಗಳ ಮೇಲಿತ್ತು. ಕೆಳಗಿನ ನೆರಳಲ್ಲಿ ಅವನ ಹೆಂಡತಿ ಲಮ್‌ದುವಾನ್ ಊಟದಂಗಡಿ ನಡೆಸುತ್ತಿದ್ದಳು. ಆ ಊರಲ್ಲಿ ಅವಳ 'ಕೋಯ್' ತಿನ್ನದ ಗಂಡಸಿಲ್ಲ. ಹಸಿ ಮೀನನ್ನು ಸಣ್ಣಗೆ ಕೊಚ್ಚಿ, ನಿಂಬೆ ಹಿಂಡಿ, ಕೆಂಪಿರುವೆ, ಮೆಣಸಿನಪುಡಿ, ಹುರಿದಕ್ಕಿ ಹಿಟ್ಟು ಕಲಸಿಕೊಡುತ್ತಾಳೆ. ಹುಳಿ ಬಿದ್ದ ಕೂಡಲೇ ಮೀನು ಬೆಳ್ಳಗಾಗುತ್ತದೆ, ಬೆಂದಿತು ಅನ್ನುತ್ತಾರೆ. ಎಷ್ಟು ಸಲ ಆರೋಗ್ಯ ಇಲಾಖೆಯವರು ಬಂದು ಅದು ಬೆಂದದ್ದಲ್ಲ, ಹುಳ ಸಾಯುವುದಿಲ್ಲ ಎಂದರೂ ಯಾರ ಕಿವಿಗೂ ಹೋಗಿಲ್ಲ. ಆದರೆ ಅವತ್ತು ಅಂಗಡಿಯ ಒಲೆ ಆರಿತ್ತು, ಬೆಂಚುಗಳನ್ನು ಮಗುಚಿಟ್ಟಿದ್ದರು.

"ಬನ್ನಿ ಬನ್ನಿ. ಊಟ ಆಯ್ತಾ?" ಲಮ್‌ದುವಾನ್ ನಗುತ್ತಲೇ ಕೇಳಿದಳು. ಕಣ್ಣು ಮಾತ್ರ ನಿದ್ದೆಗೆಟ್ಟು ಊದಿತ್ತು.

"ಆಯ್ತಮ್ಮ. ನಿಮ್ಮ ಯಜಮಾನ್ರು?"

"ರಯೋಂಗ್‌ಗೆ ಹೋದ್ರು. ಕಟ್ಟಡದ ಕೆಲಸ."

"ಆಸ್ಪತ್ರೆಗೆ ಹೋಗಿದ್ರಂತೆ?"

"ಹೋಗಿದ್ರು, ಹೋಗಿದ್ರು. ಏನೂ ಇಲ್ಲ ಅಂದ್ರಂತೆ. ಹಳ್ಳಿಗೆ ತಂದಿದ್ದ ಆ ಸಣ್ಣ ಮಿಶನ್ನೇ ಕೆಟ್ಟಿತ್ತು. ಬರೀ ಜನರನ್ನ ಹೆದರಿಸೋಕೆ."

ವಿರತ್ ಗೋಡೆ ಕಡೆ ನೋಡಿದ. ಮೊಳೆಗೆ ಗಂಡಸಿನ ಪ್ಯಾಂಟು ನೇತಾಡುತ್ತಿತ್ತು. ಚಾಮ್ನಾನ್ ಅದರ ಜೇಬಿಗೆ ಕೈಹಾಕಿದ. ಖಾಮ್‌ಸಿಂಗ್‌ನ ಗುರುತಿನ ಚೀಟಿ ಹೊರಗೆ ಬಂತು.

"ಕೂಲಿಗೆ ಅಷ್ಟು ದೂರ ಹೋದವರು ಕಾರ್ಡ್ ಬಿಟ್ಟು ಹೋದ್ರಾ? ದಾರಿ ಉದ್ದಕ್ಕೂ ನಮ್ಮೋರು ತಡೆದು ಕೇಳ್ತಾರಲ್ಲಮ್ಮ."

"ಮರೆತಿರ್ತಾರೆ," ಅಂದಳು. ಅಂದವಳೇ ಒಣಗಿದ ಬೆಂಚನ್ನು ಮತ್ತೆ ಒರೆಸತೊಡಗಿದಳು.

ಊರ ಮುಖಂಡನನ್ನೂ ಪಕ್ಕದ ಮನೆಯವನನ್ನೂ ಕರೆಸಿ ಪಂಚನಾಮೆ ಮಾಡಿ ಕಾರ್ಡ್ ವಶಕ್ಕೆ ಪಡೆದರು. ಸಹಿ ಹಾಕುತ್ತಿದ್ದ ಮುಖಂಡನನ್ನು ವಿರತ್ ಪಕ್ಕಕ್ಕೆ ಕರೆದ.

"ನಿಮ್ಮೂರಲ್ಲಿ ಹಿಂದೆ ಬಾಕ್ಸಿಂಗ್ ಆಡ್ತಿದ್ದವರು, ಹೊಟ್ಟೇಲಿ ಕಲ್ಲು ಅಂತ ಆಪರೇಷನ್ ಆದವರು ಯಾರಾದ್ರೂ ಇದಾರಾ?"

"ಇನ್ಯಾರು, ತೊಂಗ್‌ದಿ! ಇವಳ ತಮ್ಮ. ಒಂದು ಕಾಲದಲ್ಲಿ ರಿಂಗ್‌ನಲ್ಲಿ ಗುದ್ದೋದಿರಲಿ, ಕಾಲಲ್ಲಿ ಏನು ಒದಿತಿದ್ದ ಅಂತೀರಿ. ಈಗ ಕೋಳಿ ಸಾಕ್ಕೊಂಡಿದಾನೆ."

ತೊಂಗ್‌ದಿ ಊರಾಚೆ ಕೋಳಿಗೂಡು ತೊಳೆಯುತ್ತಿದ್ದ. ಪೊಲೀಸರನ್ನು ಕಂಡದ್ದೇ ನೀರಿನ ಪೈಪು ಕೈಜಾರಿ ಬಿತ್ತು.

"ಅಂಗಿ ಎತ್ತು," ಅಂದ ವಿರತ್.

"ಯಾಕ್ ಸಾರ್?"

"ಎತ್ತಯ್ಯ."

ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಗಾಯದ ಕಲೆಗಳಿದ್ದವು. ವಿರತ್ ಎಡಪಕ್ಕೆಯ ಮೇಲೆ ಬೆರಳು ಒತ್ತಿ ನಿಧಾನವಾಗಿ ಸರಿಸಿದ. ಚರ್ಮದಡಿ ಅಕ್ಕಿಕಾಳಿಗಿಂತ ತುಸು ಉದ್ದದ್ದೇನೋ ಹೊರಳಿತು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು.

"ನಿನ್ನ ಭಾವನ ಹೆಸರಲ್ಲಿ ಯಾಕೆ ಮಲಗಿದೆ?"

ತೊಂಗ್‌ದಿ ಕೋಳಿಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಸಿದ. "ಅಕ್ಕ ಕಾಲು ಹಿಡ್ಕೊಂಡ್ಲು ಸಾರ್. ನಮ್ಮಪ್ಪನ ಹೊಟ್ಟೆ ಕೊಯ್ದರು, ಹಾಗೇ ಹೊಲಿದು ಕಳಿಸಿದ್ರು, ತಿಂಗಳು ತುಂಬಲಿಲ್ಲ. ದೊಡ್ಡಣ್ಣಂದೂ ಅದೇ ಕತೆ. ಭಾವನ್ನ ಕೊಯ್ಯೋಕೆ ಬಿಡಲ್ಲ ಅಂತ ಹಟ ಹಿಡಿದ್ಲು. ನಂದು ಚೊಕ್ಕ ಹೊಟ್ಟೆ. ಭಾವನ ಹೆಸರಿಗೆ ಒಂದು ಒಳ್ಳೇ ಮಾತು ಬಿದ್ರೆ ಅವರ ದೆಸೆನೂ ತಿರುಗುತ್ತೆ, ಪುಣ್ಯ ಹಂಚಿದ ಹಾಗೆ ಅಂದ್ಲು. ನನಗೂ ಹೌದು ಅನ್ನಿಸ್ತು."

"ಖಾಮ್‌ಸಿಂಗ್ ಒಪ್ಪಿದನಾ?"

"ಅವರಿಗೆ ಗೊತ್ತೇ ಇಲ್ಲ. ಅವರು ಮೀನಿಗೆ ಹೋಗಿ ನೀರಲ್ಲಿದ್ರು. ಆಸ್ಪತ್ರೆಯಿಂದ ಕರೆ ಬಂದಿದ್ದನ್ನೇ ಅಕ್ಕ ಹೇಳಲಿಲ್ಲ. ಆಮೇಲೆ, ಶಿಬಿರದಲ್ಲಿ ನಿಮ್ಮ ರಕ್ತ ತೆಗೆದಿದ್ರಲ್ಲ, ಅದನ್ನೇ ಆಸ್ಪತ್ರೆ ದೊಡ್ಡ ಮಿಶನ್ನಿಗೆ ಹಾಕಿ ನೋಡಿದ್ರಂತೆ, ಎಲ್ಲಾ ಚೊಕ್ಕ ಅಂತ ಬಂತು ಅಂತ ನಂಬಿಸಿದ್ಲು."

"ಈಗ ಎಲ್ಲಿದಾನೆ?"

ತೊಂಗ್‌ದಿ ಮುಖವನ್ನು ಕೋಳಿಗೂಡಿನ ಕಡೆ ತಿರುಗಿಸಿದ. ವಿರತ್ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ. "ನೋಡು, ಮೈ ಹಳದಿ ಆಗಿದ್ಯಾ? ಚಳಿಜ್ವರ ಬಂದಿದ್ಯಾ? ಇಷ್ಟು ಹೇಳು ಸಾಕು."

"ನಿನ್ನೆಯಿಂದ ನಡುಗ್ತಿದಾರೆ," ಅಂದವನು ಗಳಗಳ ಅತ್ತುಬಿಟ್ಟ. "ಹಿನ್ನೀರಲ್ಲಿ, ಮೀನು ಹಿಡಿಯೋ ತೆಪ್ಪದ ಮನೇಲಿ. ಬೇರು ಕುದಿಸಿ ಕುಡಿಸ್ತಿದಾಳೆ."

ದಂಡೆಗೆ ಬರುವಷ್ಟರಲ್ಲಿ ಲಮ್‌ದುವಾನ್ ದೋಣಿ ಬಿಚ್ಚಿಕೊಂಡು ಹೋಗಿಯಾಗಿತ್ತು. ಬೇರೆಯವರ ದೋಣಿ ಕೇಳಿ, ಮೋಟಾರು ಹತ್ತಿಸಿ ಹೊರಡುವುದರೊಳಗೆ ವಿರತ್ ಮೂರು ಸಲ ಚಾಮ್ನಾನ್‌ನ ಮೇಲೆ ರೇಗಿದ. ಬಿಸಿಲು ನೆತ್ತಿಯ ಮೇಲಿತ್ತು. ಅಂತರಗಂಗೆಯ ಬಳ್ಳಿ ಮೋಟಾರಿಗೆ ಸುತ್ತಿ ದೋಣಿ ಎರಡು ಸಲ ನಿಂತಿತು. ಅವನು ಫೋನ್ ಮಾಡಿ ಕರೆಸಿದ್ದ ಆಸ್ಪತ್ರೆಯ ವಾಹನ ದಂಡೆಯಲ್ಲಿ ಕಾಯುತ್ತಿತ್ತು. ಈ ಸುಡುಗಾಡು ನೀರಲ್ಲಿ ಒಂದು ಜೀವ ಕೈತಪ್ಪಿ ಹೋದರೆ ಯಾರ ಮೇಲೆ ಕೇಸು ಹಾಕಿ ಏನು ಬಂತು ಎಂದು ವಿರತ್ ಗೊಣಗಿದ.

ಬಿದಿರ ತೆಪ್ಪದ ಅಂಚಿನಲ್ಲಿ ಲಮ್‌ದುವಾನ್ ಹುಟ್ಟು ಹಿಡಿದು ನಿಂತಿದ್ದಳು. "ಮುಟ್ಟಿದ್ರೆ ನೀರಿಗೆ ಹಾರ್ತೀನಿ!"

"ಹಾರಮ್ಮ, ನಮ್ಮ ಚಾಮ್ನಾನ್ ಎತ್ತುತ್ತಾನೆ. ಅವರನ್ನ ಮಾತ್ರ ಕೊಡು."

ಒಳಗೆ ಚಾಪೆಯ ಮೇಲೆ ಖಾಮ್‌ಸಿಂಗ್ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಖಾಕಿ ಕಂಡು ಏಳಲು ನೋಡಿದ.

"ನಂದೇನೂ ಇಲ್ಲ ಸಾರ್," ಎಂದ ತೊದಲುತ್ತ. "ದೊಡ್ಡ ಮಿಶನ್ನೇ ಹೇಳಿದೆ. ಚೊಕ್ಕ ಅಂತೆ."

ಲಮ್‌ದುವಾನ್ ಹುಟ್ಟನ್ನು ಕೆಳಗಿಟ್ಟಳು. ಗಂಡನನ್ನು ಎತ್ತಿ ದೋಣಿಗೆ ಹಾಕುವಾಗ ಅವಳು ತಡೆಯಲಿಲ್ಲ, ಹಿಂದೆಯೇ ಹತ್ತಿ ಅವನ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಮಧ್ಯಾಹ್ನ ಮೂರಕ್ಕೆ ನಿಜವಾದ ಖಾಮ್‌ಸಿಂಗ್ ಸಿ.ಟಿ. ಯಂತ್ರದೊಳಗೆ ಹೋದ. ಅದು ಮುಗಿದ ಕೂಡಲೇ ಪಿತ್ತನಾಳದ ಎಂ.ಆರ್.ಐ. ಆಯಿತು. ಪಿಚಯಾ ಹೊರಗೆ ಬಂದಾಗ ಅವರ ಮುಖ ಬಿಗಿದಿತ್ತು.

"ಗಂಟು ಸಣ್ಣದು, ಎಡಗಡೆ ಮಾತ್ರ. ಬೇರೆಲ್ಲೂ ಹರಡಿಲ್ಲ. ಅದರಿಂದ ಉದುರಿದ ಚೂರು ಕೆಳಗೆ ದೊಡ್ಡ ನಾಳಕ್ಕೆ ಅಡ್ಡ ಬಿದ್ದು ಸೋಂಕು ಆಗಿದೆ. ಈಗಲೇ ಚರ್ಮದ ಮೂಲಕ ಸೂಜಿ ಹಾಕಿ ನಳಿಗೆ ಇಟ್ಟು ಪಿತ್ತ ಹೊರಗೆ ಬಿಡಬೇಕು. ಅವರಿಗೆ ಪೂರ್ತಿ ಎಚ್ಚರ ಇಲ್ಲ. ಹೆಂಡ್ತಿ ಎದುರಿಗೇ ನಿಂತು ಬೇಡ ಅಂತಿದಾರೆ. ನಾನು ಹೇಗೆ ಚುಚ್ಚಲಿ?"

ಲಮ್‌ದುವಾನ್ ಕಾರಿಡಾರಿನ ನೆಲದ ಮೇಲೆ ಕೂತಿದ್ದಳು. ಗದರಿಸಿದರೆ ಆಗುವ ಕೆಲಸವಲ್ಲ ಎಂದು ವಿರತ್‌ಗೆ ಗೊತ್ತಿತ್ತು. "ಡಾಕ್ಟ್ರೇ, ಆ ಚಿತ್ರ ಇವರಿಗೇ ತೋರಿಸಿ," ಎಂದ.

ಪರದೆಯ ಮೇಲೆ ಕಪ್ಪಿನ ನಡುವೆ ಬೆಳ್ಳನೆಯ ನಾಳಗಳು ಕವಲೊಡೆದು ಹಬ್ಬಿದ್ದವು. ಒಂದು ಕಡೆ ಬಿಳುಪು ಉಬ್ಬಿ, ಥಟ್ಟನೆ ಕಡಿದುಹೋಗಿತ್ತು.

"ಗದ್ದೆ ಕಾಲುವೆ ಥರ ನೋಡಿ ಅಮ್ಮ," ಅಂದರು ಪಿಚಯಾ. "ಇಲ್ಲಿ ಕಟ್ಟಿದೆ. ಹಿಂದೆ ನೀರು ನಿಂತು ಕೊಳೀತಿದೆ."

"ನಮ್ಮಪ್ಪನ್ನೂ ಹೀಗೇ ಏನೇನೋ ಹೇಳಿ ಕೊಯ್ದ್ರಿ. ಕತ್ತಿ ತಾಗಿದ್ದಕ್ಕೇ ಹೋದರು."

"ಯಾವಾಗ ಅದು?"

"ನಾನು ಮದುವೆಯಾದ ಹತ್ತನೇ ವರ್ಷ."

"ಆಗ ಈ ಊರಲ್ಲಿ ಈ ಯಂತ್ರ ಇರಲಿಲ್ಲ. ಕೊಯ್ದ ಮೇಲೆ ನೋಡ್ತಿದ್ರು. ಕೈಮೀರಿದೆ ಅಂತ ಗೊತ್ತಾದ್ರೆ ಹೊಲಿದು ಕಳಿಸ್ತಿದ್ರು. ಈಗ ಮೊದಲು ನೋಡ್ತೀವಿ, ಆಮೇಲೆ ಕೊಯ್ತೀವಿ. ನೋಡದೇ ಇರೋ ಹಾಗೆ ಮಾಡಿದ್ದು ನೀವು."

ಲಮ್‌ದುವಾನ್ ಪರದೆಯ ಮೇಲೆ ಬಿಳುಪು ಕಡಿದ ಜಾಗಕ್ಕೆ ಬೆರಳಿಟ್ಟಳು. ಒಳಗಿನಿಂದ ಖಾಮ್‌ಸಿಂಗ್ ನರಳುವುದು ಕೇಳುತ್ತಿತ್ತು.

"ಸತ್ತರೆ?" ಅಂದಳು.

"ಸುಮ್ಮನಿದ್ದರೆ ನಾಳೆ ಈ ಹೊತ್ತಿಗೆ ಇರಲ್ಲ. ನಳಿಗೆ ಹಾಕಿದರೆ ಬದುಕೋ ದಾರಿ ಇದೆ. ಗೆದ್ದೇ ಗೆಲ್ತೀನಿ ಅಂತ ನಾನು ಆಣೆ ಇಡಲ್ಲ."

ಅವಳು ಪೆನ್ನಿಗೆ ಕೈಚಾಚಿದಳು. ವಿರತ್ ಒಪ್ಪಿಗೆಯ ಕಾಗದವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ. ಸಹಿ ಮುಗಿದದ್ದೇ ಪಿಚಯಾ ಓಡಿದರು. ಸಂಜೆ ಐದೂವರೆಗೆ ನಳಿಗೆ ಇಳಿಯಿತು, ಹಸಿರುಗಪ್ಪು ಪಿತ್ತ ಚೀಲಕ್ಕೆ ಹರಿಯತೊಡಗಿತು. ಆ ಸುದ್ದಿ ಬಂದ ಮೇಲೆಯೇ ವಿರತ್ ಬಂಧನದ ಕಾಗದ ತೆಗೆದ. ಪರರ ಗುರುತಿನ ಚೀಟಿ ದುರ್ಬಳಕೆ, ಸರ್ಕಾರಿ ನೌಕರರಿಗೆ ಸುಳ್ಳು ಮಾಹಿತಿ. ಅಕ್ಕ ಒಂದನೇ ಆರೋಪಿ, ತಮ್ಮ ಎರಡನೆಯವನು.

ಠಾಣೆಯಲ್ಲಿ ಅವಳ ಹೇಳಿಕೆ ಬರೆಸಿಕೊಂಡವನು ವಿರತ್‌ನೇ.

"ಕತ್ತಿ ಭಯ ಒಂದೇನಾ?"

"ಅಲ್ಲ," ಎಂದಳು. "ಶಿಬಿರದ ದಿನ ಆ ನರ್ಸಮ್ಮ ಮೈಕಲ್ಲಿ ಹೇಳಿದ್ಲು, ಹಸಿ ಮೀನಿಂದಲೇ ಇದು ಬರೋದು ಅಂತ. ಊರೆಲ್ಲ ತಿರುಗಿ ನನ್ನನ್ನ ನೋಡ್ತು. ಅಪ್ಪನಿಗೆ, ಅಣ್ಣನಿಗೆ, ಇವರಿಗೆ, ಎಲ್ಲರಿಗೂ ಕಲಸಿ ಕೊಟ್ಟಿದ್ದು ಈ ಕೈ ಸಾರ್. ಇವರ ಹೊಟ್ಟೇಲಿ ಏನೂ ಇಲ್ಲ ಅಂತ ಡಾಕ್ಟ್ರ ಬಾಯಲ್ಲಿ ಒಂದು ಸಲ ಕೇಳಿಬಿಟ್ರೆ ಸಾಕಿತ್ತು ನನಗೆ. ಕೇಳಿದೆ. ಆಮೇಲೆ ಅದನ್ನ ನಾನೇ ನಂಬಿಬಿಟ್ಟೆ."

ನಾಲ್ಕನೇ ದಿನ ಖಾಮ್‌ಸಿಂಗ್‌ನ ಜ್ವರ ಇಳಿಯಿತು. ಸೋಂಕು ಹೋದ ಮೇಲೆ ಯಕೃತ್ತಿನ ಎಡಭಾಗವನ್ನೂ ಆ ನಾಳವನ್ನೂ ಕೊಯ್ದು ತೆಗೆಯುವುದು ಎಂದು ತೀರ್ಮಾನವಾಗಿತ್ತು. ವಿರತ್ ಹಾಸಿಗೆಯ ಪಕ್ಕ ಕೂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಬೈದಾನು, ಅತ್ತಾನು ಎಂದು ಕಾದ. ಖಾಮ್‌ಸಿಂಗ್ ತನ್ನ ಪಕ್ಕೆಯಿಂದ ಇಳಿದ ನಳಿಗೆಯನ್ನೇ ನೋಡುತ್ತ ಕೇಳಿಸಿಕೊಂಡ.

"ಅವಳ ಹೇಳಿಕೆ ಬರ್ಕೊಂಡ್ರಾ ಸಾರ್?"

"ಹೂಂ."

"ನಂದೂ ಬರ್ಕೊಳ್ಳಿ. ಮದುವೆಯಾದ ಹೊಸದರಲ್ಲಿ ಅವಳು ಮೀನು ಬೇಯಿಸಿಯೇ ಬಡಿಸ್ತಿದ್ಲು. ಇದೇನು ಹೆಂಗಸರ ಅಡುಗೆ ಅಂತ ತಟ್ಟೆ ಎತ್ತಿ ಎಸೆದವನು ನಾನು. ಹಸಿಯಾಗೇ ಬೇಕು ಅಂದೆ. ಅವತ್ತಿಂದ ಕಲಿತದ್ದು ಅವಳು."

ಈ ಪ್ರಕರಣಕ್ಕೆ ಆ ಮಾತಿನ ಅಗತ್ಯ ಯಾವ ಕಲಮಿನಲ್ಲೂ ಇರಲಿಲ್ಲ. ವಿರತ್ ಪೆನ್ನು ತೆಗೆದು, ಅವನು ಹೇಳಿದ ಹಾಗೆಯೇ ಬರೆದುಕೊಂಡ.